ಟವೆಲ್ ಹಾಕಿದ ಸೀಟು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಮಲ್ಲಂದೂರಿನ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಕಟ್ಟುಕಥೆ ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ.

ನನ್ನ ಹೆಂಡತಿ ವಿಶಾಲಾಕ್ಷಿ ಜೀವಮಾನದಲ್ಲಿ ರೈಲು ಹತ್ತಿದವಳಲ್ಲ. ಕೇಳಿದಾಗಲೆಲ್ಲ ನಾನು, "ಕೊಯ್ಲು ಮುಗೀಲಿ ಮಾರಾಯ್ತಿ" ಅನ್ನುತ್ತಿದ್ದೆ. ಇಪ್ಪತ್ತೆರಡು ಕೊಯ್ಲು ಮುಗಿದವು. ಬಸ್ ಬಂದರೆ ನನ್ನ ಟವೆಲನ್ನು ಕಿಟಕಿಯಿಂದ ಒಳಗೆಸೆದು ನನಗೆ ಸೀಟು ಹಿಡಿಯುತ್ತಿದ್ದವಳು ಅವಳೇ. ಬೀಡಿ ತಾಗಿ ಮೂಲೆ ಸುಟ್ಟಿದ್ದ ಆ ಟವೆಲನ್ನು ಹೋದ ವರ್ಷ ಅವಳ ಚಿತೆಯ ಮೇಲೆ ನಾನೇ ಇಟ್ಟೆ.

ಮೊನ್ನೆ ಭಾನುವಾರ ಮಧ್ಯಾಹ್ನ ಮಗಳು ಸೌಂದರ್ಯ ಟೀವಿಯಲ್ಲಿ ಹಳೇ ಕಪ್ಪುಬಿಳುಪು ಸಿನಿಮಾ ಹಾಕಿದಳು. ಒಂದೇ ಬೋಗಿಯಲ್ಲಿ ಕೂತ ಅಪರಿಚಿತರ ಕಥೆ. ರೈಲು ಹೊರಟದ್ದೇ ನನ್ನ ಲೋಟದ ಕಾಫಿ ಸಣ್ಣಗೆ ನಡುಗತೊಡಗಿತು. ಮನೆಯೊಳಗೆಲ್ಲ ಕಲ್ಲಿದ್ದಲ ಹೊಗೆಯ ವಾಸನೆ. ಕಿಟಕಿಯ ಪಕ್ಕ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಕೂತಿದ್ದಳು. ಅವಳ ಪಕ್ಕದ ಸೀಟಿನ ಮೇಲೆ ಮೂಲೆ ಸುಟ್ಟ ಟವೆಲ್.

"ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಒಬ್ಬ ಪ್ರಯಾಣಿಕ ಕೇಳಿದ.

"ನಮ್ಮನೆಯವ್ರು ಬರ್ತಾರೆ, ಕೊಯ್ಲು ಮುಗಿಸ್ಕೊಂಡು," ಎಂದಳು ಅವಳು, ತಿರುಗದೆ.

ಸೌಂದರ್ಯ ನನ್ನ ಕೈ ಹಿಡಿದುಕೊಂಡಳು. "ಅಪ್ಪಾ, ಅಮ್ಮನ ದನಿ."

ಅದೇ ದೃಶ್ಯವನ್ನು ಮತ್ತೆ ಹಾಕಿ ನೋಡಿದೆವು. ಕಿಟಕಿಯ ಪಕ್ಕ ಯಾರೋ ನಟಿ ಕೂತಿದ್ದಳು, ಮಾತೂ ಬೇರೆ. ಆಮೇಲೆ ಎಷ್ಟು ಸಲ ಹಾಕಿದರೂ ಅಷ್ಟೇ. ಬೋಗಿಯ ತುಂಬ ಜನ ನಿಂತಿದ್ದಾರೆ, ಮಗು ಎತ್ತಿಕೊಂಡವಳೂ ನಿಂತೇ ಇದ್ದಾಳೆ. ಟವೆಲ್ ಮಾತ್ರ ಹಾಗೇ ಇದೆ, ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ.

ಈ ಸಲದ ಕೊಯ್ಲು ಬರುವ ವಾರ ಮುಗಿಯುತ್ತದೆ.