ಬಾಗಿಲ ಮೇಲಿನ ಜೊಂಡು

ಸೋಲಾರ್ ಪ್ಯಾನಲ್ ಒಂದು ಮಾಯವಾದದ್ದನ್ನು ಮೊದಲು ಕಂಡವಳು ನರ್ಸ್ ನ್ಯಾಕಾಲೊ.

ಆಗಷ್ಟೇ ಬೆಳಕು ಹರಿದಿತ್ತು. ಹಿಮ ಬಿದ್ದು ಊರು ಬೆಳ್ಳಗಾಗಿತ್ತು. ಆರೋಗ್ಯ ಕೇಂದ್ರದ ಹಿಂದಿನ ದಿಬ್ಬದಲ್ಲಿ ಬಿಸಿಲು ಬರುವ ಉತ್ತರಕ್ಕೆ ಮುಖ ಮಾಡಿ ನಿಂತ ಪ್ಯಾನಲ್‌ಗಳ ಸಾಲಿನ ಕೊನೆಗೆ, ಹಲ್ಲು ಬಿದ್ದ ಬಾಯಿಯ ಹಾಗೆ, ಒಂದು ಜಾಗ ಖಾಲಿ. ಬ್ಯಾಟರಿ ಕೋಣೆಯ ಬೀಗ ಒಡೆದು ಬಿದ್ದಿತ್ತು. ಒಳಗಿನ ಬ್ಯಾಟರಿಗಳಲ್ಲೂ ಒಂದು ಕಾಣೆಯಾಗಿತ್ತು. ಹೆಜ್ಜೆಗುರುತುಗಳನ್ನು ಹಿಮ ಮುಚ್ಚಿಹಾಕಿತ್ತು.

ನ್ಯಾಕಾಲೊ ಮೊದಲು ಓಡಿದ್ದು ಲಸಿಕೆಯ ಫ್ರಿಜ್ಜಿನ ಹತ್ತಿರ. ಅದರ ಹಸಿರು ದೀಪ ಉರಿಯುತ್ತಿತ್ತು. ಎದೆ ಮುಟ್ಟಿಕೊಂಡು ಉಸಿರು ಬಿಟ್ಟಳು. ಆಮೇಲೆ ಹೊರಗೆ ಬಂದು, ಆಚೆ ಬೆಟ್ಟಕ್ಕೂ ಕೇಳುವಂತೆ ಕೂಗಿದಳು.

"ನ್ತಾತೆ ಸೆಕೋಬೆ! ಬೇಗ ಬನ್ನಿ! ಯಾರೋ ಪ್ಯಾನಲ್ ಹೊತ್ತುಕೊಂಡು ಹೋಗಿದಾರೆ!"

ಹಾ ತ್ಸೆಲಿಸೊ ಎಂಬ ಆ ಊರಿಗೆ ಬೆಳಕು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಲೆಸೊತೊದ ಬೆಟ್ಟಗಳಲ್ಲಿ ಈಗ ಒಂದೊಂದೇ ಊರು ಬಿಸಿಲನ್ನು ಹಿಡಿದು ದೀಪ ಹಚ್ಚುತ್ತಿದೆ. ಪ್ಯಾನಲ್‌ಗಳು ಊರಿಗೆ ಸೇರಿದ್ದು. ಅವನ್ನು ನೋಡಿಕೊಳ್ಳಲು ಊರೇ ಆರಿಸಿದ ಮನುಷ್ಯ ಸೆಕೋಬೆ. ಗಣಿಯಲ್ಲಿ ವೈರಿನ ಕೆಲಸ ಮಾಡಿ ಬಂದವನು. ಊರಿಗೆಲ್ಲ ವೈರು ಎಳೆದದ್ದೂ ಅವನೇ.

ಮಧ್ಯಾಹ್ನದೊಳಗೆ ಊರ ಒಡೆಯ ಮೊರೆನಾ ತ್ಸೆಲಿಸೊನ ಆಳುಗಳು ಮನೆಮನೆ ಜಾಲಾಡಿದರು. ಪ್ಯಾನಲ್ ಸಿಗಲಿಲ್ಲ. ಆದರೆ ಕುರಿ ಕಾಯುವ ಮೊಹಾಪಿ ಸಿಕ್ಕಿದ. ನಸುಕಿನಲ್ಲಿ ಅವನು ಕಂಬಳಿಯೊಳಗೆ ಏನನ್ನೋ ಉಬ್ಬಿಸಿಕೊಂಡು ಓಡುತ್ತಿದ್ದುದನ್ನು ಇಬ್ಬರು ನೋಡಿದ್ದರು. ಏನದು ಎಂದರೆ ಬಾಯಿ ಬಿಡಲೊಲ್ಲ.

ಅವನ ಕೈ ಕಟ್ಟಿ, ಪೊಲೀಸರಿಗೆ ಹೇಳಿಕಳಿಸಿದರು.

* * *

ಮರುದಿನ ಸಾರ್ಜೆಂಟ್ ಮಟುಮೇಲೊ ಕುದುರೆಯ ಮೇಲೆ ಬಂದಳು. ದಪ್ಪನೆಯ ಹೆಂಗಸು. ಕಿವಿ ಮುಚ್ಚುವ ಉಣ್ಣೆ ಟೋಪಿಯ ಮೇಲೆ ಪೊಲೀಸ್ ಟೋಪಿ.

"ಕಳ್ಳ ಸಿಕ್ಕಿದಾನೆ, ಮ್ಮೆ," ಎಂದ ಮೊರೆನಾ. ಅಲ್ಲಿ ಎಲ್ಲರೂ ಹೆಂಗಸರನ್ನು ಮ್ಮೆ, ತಾಯಿ ಎಂದೂ ಗಂಡಸರನ್ನು ನ್ತಾತೆ, ತಂದೆ ಎಂದೂ ಕರೆಯುತ್ತಾರೆ. "ನೀವು ಕರ್ಕೊಂಡು ಹೋದ್ರೆ ಮುಗೀತು."

"ಇಷ್ಟು ಸುಲಭಕ್ಕೆ ನನ್ನ ಸೊಂಟ ಮುರಿಸಿದ್ರಾ, ಮೊರೆನಾ? ಒಂದ್ಸಲ ಅವನ ಮುಖ ನೋಡ್ತೀನಿ, ತಡೀರಿ."

ಮೊಹಾಪಿ ಜೋಳ ತುಂಬಿಡುವ ಗುಡಿಸಲಲ್ಲಿ ಮುದುರಿ ಕೂತಿದ್ದ. ಹೊರಗೆ ಅವನ ಹೆಂಡತಿ ಬೆನ್ನಿಗೆ ಒಂದು ಮಗು ಕಟ್ಟಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು. ಸಾರ್ಜೆಂಟ್ ಅವನ ಎದುರು ಕುಕ್ಕರಿಸಿ, ಅವನ ಕಂಬಳಿಯ ತುದಿ ಎತ್ತಿ ಮೂಸಿದಳು.

"ಹಾಲಿನ ವಾಸನೆ ಬರ್ತಿದೆಯಲ್ಲಪ್ಪಾ. ಬ್ಯಾಟರಿ ಯಾವಾಗಿಂದ ಹಾಲು ಕುಡಿಯೋಕೆ ಶುರು ಮಾಡ್ತು?"

ಮೊಹಾಪಿ ಕಂಬಳಿಯ ತುದಿ ಎಳೆದುಕೊಂಡ. "ಕುರಿಮರಿ, ಮ್ಮೆ. ಮೊರೆನಾರದು. ನಾನು ಬಿಯರ್ ಮನೇಲಿ ಕೂತ್ಬಿಟ್ಟೆ. ಅಷ್ಟರಲ್ಲಿ ಹಿಮ ಬಂತು. ತಾಯಿಕುರಿ ಸತ್ತೋಯ್ತು. ಮರಿಗೆ ಜೀವ ಇತ್ತು. ಅಕ್ಕನ ಮನೆ ಒಲೆ ಹತ್ರ ಇಟ್ಟೆ. ಹೇಳಿದ್ರೆ ಮೊರೆನಾ ಕೆಲಸ ಬಿಡಿಸ್ತಾರೆ."

"ಹೇಳದಿದ್ರೆ ಜೈಲು ಕಣಯ್ಯಾ!"

ಅಕ್ಕನ ಮನೆಯ ಒಲೆಯ ಪಕ್ಕ ಮರಿ ನಿಜವಾಗಿಯೂ ಇತ್ತು. ಯಾರದೋ ಹಳೆಯ ಸ್ವೆಟರ್ ತೊಟ್ಟು ದೊಡ್ಡಸ್ತಿಕೆಯಿಂದ ಮಲಗಿತ್ತು. ಆದರೆ ಮೊರೆನಾ ಕರಗಲಿಲ್ಲ.

"ಮರಿ ತಂದವನು ಪ್ಯಾನಲ್ ಕದೀಬಾರದು ಅಂತ ಎಲ್ಲಿದೆ? ನನ್ನ ಆಳುಗಳು ಒಂದು ಮನೇನೂ ಬಿಟ್ಟಿಲ್ಲ. ಬೆಟ್ಟದ ಮೇಲೆಲ್ಲೋ ಬಚ್ಚಿಟ್ಟಿದಾನೆ. ನಾಳೆ ಪಂಚಾಯಿತಿ ಸೇರತ್ತೆ. ಬೇರೆ ಕಳ್ಳನ್ನ ತೋರಿಸಿ, ಇಲ್ಲ ಇವನನ್ನ ಕೆಳಗಿನ ಠಾಣೆಗೆ ಒಯ್ಯಿರಿ."

ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಸಾರ್ಜೆಂಟಿಗೆ ಅದೇ ಸಂಕಟವಾಯಿತು.

* * *

ಬ್ಯಾಟರಿ ಕೋಣೆಯಲ್ಲಿ ಸೆಕೋಬೆ ಕಾದಿದ್ದ. ಒಣಗಿದ ಮರದಂಥ ಉದ್ದ ಮನುಷ್ಯ. ಕಣ್ಣುಗಳು ಕೆಂಪಾಗಿದ್ದವು.

"ನಿದ್ದೆ ಇಲ್ವಾ, ನ್ತಾತೆ?"

"ಊರಿನ ಸ್ವತ್ತು ಕಾಯೋನಿಗೆ ಎಲ್ಲಿಯ ನಿದ್ದೆ."

ಆಕೆ ಬಗ್ಗಿ ನೋಡಿದಳು. ಕಳುವಾದ ಬ್ಯಾಟರಿಗೆ ಬಂದಿದ್ದ ದಪ್ಪ ವೈರನ್ನು ಪಕ್ಕದ ಬ್ಯಾಟರಿಗೆ ಬಿಗಿದು, ಕಪ್ಪು ಟೇಪು ಸುತ್ತಲಾಗಿತ್ತು. ಮಗಳ ಜಡೆಗೆ ತಾಯಿ ರಿಬ್ಬನ್ ಕಟ್ಟಿದಷ್ಟು ಅಚ್ಚುಕಟ್ಟು.

"ಇದು ಯಾರ ಕೆಲಸ?"

"ನನ್ನದೇ. ನರ್ಸಮ್ಮ ಕೂಗಿದ ಮೇಲೆ ಬಂದು ಜೋಡಿಸಿದೆ. ಇಲ್ಲಾಂದ್ರೆ ಊರಿಡೀ ಕತ್ತಲೆ."

"ಅಲ್ಲೀವರೆಗೂ ಏನೂ ಉರೀತಿರಲಿಲ್ವಾ?"

"ಹೇಗೆ ಉರಿಯತ್ತೆ? ಆ ಒಂದು ವೈರು ತಪ್ಪಿದ್ರೆ ಎಲ್ಲಾ ಸತ್ತಂಗೆ."

ಸಾರ್ಜೆಂಟ್ ತಲೆಯಾಡಿಸಿದಳು. ಅಲ್ಲಿಂದ ನೇರ ನರ್ಸ್ ನ್ಯಾಕಾಲೊ ಮನೆಗೆ ನಡೆದಳು. ನರ್ಸ್ ಜೋಳದ ಮುದ್ದೆ, ಸೊಪ್ಪು ಬಡಿಸಿದಳು. ಸಾರ್ಜೆಂಟ್ ಉಣ್ಣುತ್ತಲೇ ಕೇಳಿದಳು.

"ನಿನ್ನೆ ಬೆಳಗ್ಗೆ ಮೊದಲು ಏನು ನೋಡಿದೆ, ಮಗಳೇ?"

"ಫ್ರಿಜ್ಜು. ಲಸಿಕೆ ಕೆಟ್ಟರೆ ಮಕ್ಕಳಿಗೆ ಏನು ಚುಚ್ಚಲಿ? ಪುಣ್ಯಕ್ಕೆ ಹಸಿರು ದೀಪ ಉರೀತಿತ್ತು."

ಸಾರ್ಜೆಂಟಿನ ಕೈ ತುತ್ತಿನ ಮೇಲೆಯೇ ನಿಂತಿತು. "ಸೆಕೋಬೆ ಬರೋಕೆ ಮುಂಚೇನಾ?"

"ಹ್ಞೂಂ. ಅದನ್ನ ನೋಡ್ಕೊಂಡೇ ಅವರನ್ನ ಕೂಗಿದ್ದು."

ಸಾರ್ಜೆಂಟ್ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಊರಲ್ಲಿ ವೈರು ಇಲ್ಲದ ಮನೆ ಯಾವುದಾದ್ರೂ ಇದೆಯಾ?"

"ಒಂದೇ. ಅಜ್ಜಿ ಮಮೊಸಾ ಮನೆ. ಸೆಕೋಬೆ ಮಗಳು ಪುಲೆಂಗ್ ಆ ಅಜ್ಜಿಯ ಮಗನ ಜೊತೆ ಓಡಿಹೋಗಿ ಆ ಮನೆ ಸೇರಿದಳು. ಅಪ್ಪನ್ನ ಒಂದು ಮಾತು ಕೇಳಲಿಲ್ಲ. ಅದಕ್ಕೆ ಸೆಕೋಬೆ ಪಂಚಾಯಿತಿಯಲ್ಲಿ ಎದ್ದು ನಿಂತು, 'ನನ್ನ ಕೈಯ ಬೆಳಕು ಆ ಅಂಗಳಕ್ಕೆ ಬೀಳಲ್ಲ' ಅಂತ ಆಣೆ ಇಟ್ರು. ಹುಡುಗ ಗಣಿಯಲ್ಲಿದಾನೆ. ಪುಲೆಂಗ್‌ಗೆ ಈಗ ದಿನ ತುಂಬೋ ಮೊದಲೇ ಹೆರಿಗೆ ಆಗಿದೆ. ಅಂಗೈಯಷ್ಟು ಮಗು. ಈ ತಿಂಗಳೆಲ್ಲ ಹಿಮಕ್ಕೆ ಗಾಡಿ ದಾರಿ ಮುಚ್ಚಿದೆ, ಆ ಕೂಸನ್ನ ಕುದುರೆ ಮೇಲೆ ಆಸ್ಪತ್ರೆಗೆ ಇಳಿಸೋ ಹಾಗಿಲ್ಲ."

"ಬದುಕತ್ತಾ?"

"ಕಣ್ಣಲ್ಲಿ ಕಣ್ಣಿಟ್ಟು ಕಾದ್ರೆ ಬದುಕತ್ತೆ. ಅಂಥ ಮಕ್ಕಳು ಮಲಗಿದ್ದಾಗ ಉಸಿರಾಡೋದೇ ಮರೀತವೆ. ತುಟಿ ನೀಲಿಯಾದ್ರೆ ತಕ್ಷಣ ಬೆನ್ನು ಉಜ್ಜಬೇಕು. ಸೀಮೆಎಣ್ಣೆ ದೀಪದಲ್ಲಿ ನೀಲಿ ಯಾವುದು ಕಪ್ಪು ಯಾವುದು ಕಾಣತ್ತಾ? ಹೊಗೆ ಬೇರೆ. ಹೋದ ವಾರ ಬ್ಯಾಟರಿ ಕೋಣೆಗೆ ಫೋನು ಚಾರ್ಜಿಗೆ ಕೊಡೋಕೆ ಹೋದಾಗ ಅಲ್ಲಿದ್ದ ಹೆಂಗಸರ ಹತ್ರ ಇದನ್ನೇ ಹೇಳ್ಕೊಂಡು ಅತ್ತುಬಿಟ್ಟೆ."

"ಸೆಕೋಬೆ ಅಲ್ಲಿದ್ರಾ?"

"ಇದ್ರು. ತಲೆ ಎತ್ತಲಿಲ್ಲ. ನನ್ನ ಫೋನು ಚಾರ್ಜಿಗೆ ಹಾಕೋದೇ ಮರೆತಿದ್ರು. ಅವರು ಎಂದೂ ಮರೆಯೋರಲ್ಲ."

* * *

ಮಮೊಸಾಳ ಗುಡಿಸಲ ಬಾಗಿಲ ಮೇಲೆ, ಹುಲ್ಲಿನ ಸೂರಿಗೆ ಒಂದು ಜೊಂಡು ಸಿಕ್ಕಿಸಿತ್ತು. ಒಳಗೆ ಹಸುಗೂಸು ಇದೆ ಎಂಬ ಗುರುತು. ಅದನ್ನು ಕೀಳುವವರೆಗೆ ಗಂಡಸರು ಒಳಗೆ ಕಾಲಿಡುವುದಿಲ್ಲ. ಹೊರಗಿನವರು ಅಂಗಳಕ್ಕೆ ಮರೆಕಟ್ಟಿದ ಜೊಂಡಿನ ತಡಿಕೆಯನ್ನೂ ದಾಟುವುದಿಲ್ಲ. ಸಾರ್ಜೆಂಟ್ ಕೂಡ ತಡಿಕೆಯ ಆಚೆಯೇ ನಿಂತಳು.

ಮುದುಕಿ ಹೊರಗೆ ಬಂದಳು. ಪೊಲೀಸ್ ಟೋಪಿ ಕಂಡು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು.

"ಮಗು ಹೇಗಿದೆ, ಅಜ್ಜಿ?"

"ದೇವರ ದಯ. ಉಣ್ತಿದೆ." ಮುದುಕಿ ಮಾತು ಹುಡುಕಿದಳು. "ನಿಮ್ಮ ಟುಮೇಲೊ ಎಷ್ಟು ದೊಡ್ಡವನು?"

ಆ ನಾಡಿನಲ್ಲಿ ಸೊಸೆ ಮನೆಗೆ ಬಂದ ದಿನವೇ ಅತ್ತೆ ಹೆಸರಿಡುತ್ತಾಳೆ, ಮುಂದೆ ಹುಟ್ಟುವ ಮಗುವಿನ ತಾಯಿ ಎಂದು. ಟುಮೇಲೊನ ತಾಯಿ, ಮಟುಮೇಲೊ.

"ಅವನು ಬರಲೇ ಇಲ್ಲ, ಅಜ್ಜಿ. ಹೆಸರು ಮಾತ್ರ ನನ್ನ ಜೊತೆ ಉಳೀತು."

ಮುದುಕಿ ನೆಲ ನೋಡಿದಳು. ಒಳಗೆ ಮಗು ಅತ್ತಿತು. ಬೆಕ್ಕಿನ ಮರಿಯಷ್ಟು ಸಣ್ಣ ದನಿ. ಆ ದನಿಗೆ ಸಾರ್ಜೆಂಟ್ ಒಂದು ಹೆಜ್ಜೆ ಮುಂದಿಟ್ಟು, ತಡಿಕೆ ಮುಟ್ಟಿ ನಿಂತಳು. ಆದರೂ ಅವಳ ಕಣ್ಣು ಸುಮ್ಮನಿರಲಿಲ್ಲ. ಸೂರಿನ ಕೆಳಗೆ ಸೀಮೆಎಣ್ಣೆ ಲಾಟೀನು ತೂಗುತ್ತಿತ್ತು, ತೊಳೆದಿಟ್ಟ ಗಾಜಿನಲ್ಲಿ ಮಸಿಯೇ ಇರಲಿಲ್ಲ, ರಾತ್ರಿ ಹಚ್ಚಿರಲಿಲ್ಲ. ತಡಿಕೆಯ ಒಳಗೆ, ಉತ್ತರಕ್ಕೆ ಮುಖ ಮಾಡಿದ ಕಲ್ಲಿನ ಗೋಡೆಯ ಮೇಲೆಲ್ಲ ಹಿಮ ಹಾಗೆಯೇ ಇತ್ತು. ಒಂದು ಕಡೆ ಮಾತ್ರ ಬಾಗಿಲ ಹಲಗೆಯಷ್ಟು ಅಗಲ ಗುಡಿಸಿ, ಅದರ ಮೇಲೆ ಮಗುವಿನ ಬಟ್ಟೆ ಹೊದಿಸಿತ್ತು. ಬಟ್ಟೆಯ ಕೆಳಗಿಂದ ಒಂದು ವೈರು ಇಳಿದು ಗುಡಿಸಲೊಳಗೆ ಹೋಗಿತ್ತು.

"ಅಜ್ಜಿ, ಬಿಸಿಲು ಬಂದಿದೆ. ಬಟ್ಟೆ ತೆಗೆದಿಡಿ. ಮುಚ್ಚಿಟ್ರೆ ಬ್ಯಾಟರಿ ತುಂಬಲ್ಲ."

ಮುದುಕಿ ಬಟ್ಟೆಗಳನ್ನು ಎಳೆದು ಎದೆಗೆ ಅವುಚಿಕೊಂಡಳು. "ನಾನು ಕದೀಲಿಲ್ಲ, ತಾಯೀ. ಬೆಳಗ್ಗೆ ಎದ್ದಾಗ ತಡಿಕೆ ಹತ್ರ ಇತ್ತು. ಬಲ್ಬು ಸಮೇತ ಜೋಡಿಸಿತ್ತು. ಸ್ವಿಚ್ ಒತ್ತಿದೆ, ಮೊಮ್ಮಗಳ ಮುಖ ಕಾಣ್ತು. ಮೊಹಾಪಿ ಹೆಂಡ್ತಿಯನ್ನ ನೋಡಿದಾಗ ಹೇಳಿಬಿಡೋಣ ಅನ್ಸತ್ತೆ. ಹೇಳಿದ್ರೆ ದೀಪ ಒಯ್ತಾರೆ."

"ಇಟ್ಟವರು ಯಾರು ಅಂತ ಗೊತ್ತಾ?"

ಮುದುಕಿ ತಲೆ ಎತ್ತಿ ಆರೋಗ್ಯ ಕೇಂದ್ರದ ಹಿಂದಿನ ದಿಬ್ಬದ ಕಡೆ ನೋಡಿದಳು. ಅಷ್ಟು ಸಾಕಿತ್ತು.

* * *

ಪಂಚಾಯಿತಿಗೆ ಊರೇ ಸೇರಿತ್ತು. ಗಂಡಸರು ಕಂಬಳಿ ಹೊದ್ದು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನಡುವೆ ಕೈ ಕಟ್ಟಿಸಿಕೊಂಡ ಮೊಹಾಪಿ.

ಸಾರ್ಜೆಂಟ್ ಎದ್ದಳು. "ಎಲ್ಲಾ ಮನೆ ಹುಡುಕಿದ್ರಾ?"

"ಎಲ್ಲಾ," ಎಂದ ಮೊರೆನಾನ ಆಳು.

"ಜೊಂಡು ಇರೋ ಮನೇನೂ?"

"ಅಯ್ಯೋ, ಅದನ್ನ ಹೇಗೆ ಹುಡುಕೋದು ಮ್ಮೆ? ನಾವೇನು ಪ್ರಾಣಿಗಳಾ?"

ಜನ ನಕ್ಕರು. ಆಕೆಯೂ ನಕ್ಕಳು.

"ಒಂದು ಮನೆ ಬಿಟ್ಟೆವು ಅಂತ್ಲೂ ನಿಮಗೆ ಅನ್ನಿಸಲಿಲ್ಲ. ನಾನು ಹುಟ್ಟಿದ ಊರಲ್ಲೂ ಹಾಗೇ ಆಗ್ತಿತ್ತು. ಈಗ ಕೇಳಿ. ಬ್ಯಾಟರಿ ಕಿತ್ತ ಕಳ್ಳ ಹಾಗೇ ಓಡಿಹೋಗಲಿಲ್ಲ. ಉಳಿದ ವೈರನ್ನ ಬಿಗಿದು, ಟೇಪು ಸುತ್ತಿ ಹೋದ. ಊರು ಕತ್ತಲಾಗಬಾರದು, ಲಸಿಕೆ ಕೆಡಬಾರದು ಅಂತ. 'ಜೋಡಿಸಿದ್ದು ನಾನು, ನರ್ಸು ಕೂಗಿದ ಮೇಲೆ' ಅಂತ ಒಬ್ಬರು ನನಗೆ ಹೇಳಿದ್ರು. ಆದ್ರೆ ನರ್ಸು ಕೂಗೋ ಮೊದಲೇ ಫ್ರಿಜ್ಜಿನ ದೀಪ ಉರೀತಿತ್ತು. ಅಂದ್ರೆ ಕಿತ್ತ ಕೈಯೇ ಜೋಡಿಸಿದ ಕೈ."

ಆಕೆ ಮೊಹಾಪಿಯ ಕಡೆ ಕೈ ತೋರಿಸಿದಳು.

"ಮೊಹಾಪಿಗೆ ಕುರಿಯ ಹಗ್ಗ ಬಿಗಿಯೋದೂ ಸರಿಯಾಗಿ ಬರಲ್ಲ. ಆ ಟೇಪು ಸುತ್ತೋ ಕೈ ಈ ಊರಲ್ಲಿ ಒಂದೇ. ಅದು ಕದ್ದದ್ದು ಮಾರೋಕಲ್ಲ. ಒಂದು ಮಗುವಿನ ತುಟಿಯ ಬಣ್ಣ ಕಾಣಲಿ ಅಂತ. ಕೊಡೋಕೆ ಬಾಯಿ ಇರಲಿಲ್ಲ, ಆಣೆ ಅಡ್ಡ ಬಂತು. ದೀಪದ ಬುಡದಲ್ಲೇ ಕತ್ತಲೆ, ಮೊರೆನಾ."

ಆಕೆ ಯಾರ ಕಡೆಗೂ ನೋಡಲಿಲ್ಲ. ನೋಡುವ ಮೊದಲೇ ಹಿಂದಿನ ಸಾಲಿನಲ್ಲಿ ಸೆಕೋಬೆ ಎದ್ದು ನಿಂತು ಟೋಪಿ ತೆಗೆದಿದ್ದ.

"ಮೊಹಾಪಿಯನ್ನ ಬಿಚ್ಚಿ," ಎಂದ. "ನಾನೇ. ಬೀಗ ಒಡೆದದ್ದೂ ನಾನೇ, ಕೀಲಿ ಸೊಂಟದಲ್ಲಿ ಇಟ್ಕೊಂಡು. ಜೊಂಡು ಕೀಳೋವರೆಗೆ ಬಾಯಿ ಮುಚ್ಕೊಂಡಿದ್ದು ಆಮೇಲೆ ಹೇಳೋಣ ಅಂದ್ಕೊಂಡೆ. ಇವನನ್ನ ಕಟ್ಟಿದಾಗ ಹೇಳಬೇಕಿತ್ತು. ಹೇಳಿದ್ರೆ ಮಗುವಿನ ದೀಪ ಆರಿಸ್ತೀರಿ ಅಂತ ಭಯ ಆಯ್ತು. ಇವನ ಹೆಂಡ್ತಿ ಮುಖ ನೋಡೋಕೆ ಆಗ್ತಿಲ್ಲ."

ಮೊರೆನಾ ಗಡ್ಡ ತುರಿಸುತ್ತ ಸೆಕೋಬೆಯ ಕಡೆ ತಿರುಗಿದ.

"ಮೊಹಾಪಿಗೆ ನಿನ್ನ ಮಂದೆಯಿಂದ ಎರಡು ಕುರಿ ಕೊಡು. ಅವನ ಕೆಲಸ ಅವನಿಗಿರಲಿ. ಬಿಯರ್ ಮನೆ ಕಡೆ ಹೋದ್ರೆ ಮಾತ್ರ ನೋಡ್ಕೋತೀನಿ. ಇನ್ನು ಆಣೆ. ಈ ಪಂಚಾಯಿತಿ ಮುಂದೆ ಇಟ್ಟದ್ದನ್ನ ಈ ಪಂಚಾಯಿತೀನೇ ತೆಗೆದಿದೆ. ಇವತ್ತೇ ಆ ಮನೆಗೆ ವೈರು ಎಳೀಬೇಕು. ಬೇರೆಯವರ ಕೈಯಿಂದ ಅಲ್ಲ, ನಿನ್ನ ಕೈಯಿಂದ. ಏನಂತೀರಿ ಸಾರ್ಜೆಂಟ್?"

"ಸ್ವತ್ತು ಊರಿಂದು. ಕಳುವಾಗಿಲ್ಲ ಅಂತ ಊರೇ ಅಂದ್ರೆ, ನನ್ನ ಕುದುರೆ ಹಗುರವಾಗಿ ಇಳಿಯತ್ತೆ."

* * *

ಸಂಜೆಯ ಬಿಸಿಲಲ್ಲಿ ಸೆಕೋಬೆ ಮಮೊಸಾಳ ಸೂರಿನವರೆಗೆ ವೈರು ತಂದ. ಜೊಂಡಿನ ಕೆಳಗೆ ಬಂದು ನಿಂತುಬಿಟ್ಟ. ಒಳಗೆ ಹೋಗುವ ಹಾಗಿಲ್ಲ. ಅರ್ಧ ತೆರೆದ ಬಾಗಿಲ ಸಂದಿಯಲ್ಲಿ, ಮುಖ ಆಚೆ ತಿರುಗಿಸಿ, ವೈರಿನ ತುದಿ ಹಿಡಿದು ಕೈ ಚಾಚಿದ.

ಒಳಗಿಂದ ಒಂದು ತೆಳ್ಳನೆಯ ಕೈ ಬಂದು ವೈರನ್ನೂ ಅವನ ಬೆರಳುಗಳನ್ನೂ ಒಟ್ಟಿಗೆ ಹಿಡಿಯಿತು. ಬಿಡಲಿಲ್ಲ.

"ಕೆಂಪು ಮೇಲೆ, ಕಪ್ಪು ಕೆಳಗೆ," ಎಂದ ಸೆಕೋಬೆ. ದನಿ ಒಡೆದಿತ್ತು.

"ಗೊತ್ತಪ್ಪಾ," ಎಂದಳು ಪುಲೆಂಗ್. "ಚಿಕ್ಕವಳಿದ್ದಾಗ ನೀನೇ ಕಲಿಸಿದ್ದೆ."

ಸ್ವಿಚ್ಚಿನ ಸದ್ದು ಕೇಳಿತು. ಬಾಗಿಲ ಸಂದಿಯಿಂದ ಬಿಳಿಯ ಬೆಳಕು ಬಂದು ಅವನ ಪಾದದ ಮೇಲೆ ಬಿತ್ತು.

"ತುಟಿ ಹೇಗಿದೆ, ಮಗಳೇ?"

"ಕೆಂಪಗಿದೆ ಅಪ್ಪಾ. ನಿನ್ನ ಹಾಗೇ ಮುಖ ಗಂಟು ಹಾಕ್ಕೊಂಡಿದಾಳೆ."

ತಡಿಕೆಯ ಆಚೆ ಕುದುರೆಯ ಜೀನು ಬಿಗಿಯುತ್ತಿದ್ದ ಸಾರ್ಜೆಂಟ್ ಮಟುಮೇಲೊ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಸೆಕೋಬೆ ಪ್ಯಾನಲನ್ನೂ ಬ್ಯಾಟರಿಯನ್ನೂ ಹೊತ್ತು ದಿಬ್ಬದ ಕಡೆ ಹೊರಟಾಗ ಮೊಹಾಪಿ ಎದುರು ಬಂದು ಬ್ಯಾಟರಿಯನ್ನು ತನ್ನ ಹೆಗಲಿಗೆ ತೆಗೆದುಕೊಂಡ.