ಹನ್ನೆರಡನೆಯ ಸೂಜಿ

ಕುಷ್ಟಗಿಯಲ್ಲಿ ನನ್ನ ಜೊತೆ ಕೌದಿ ಹೊಲಿಯುತ್ತಿದ್ದ ಜೈನಾಬೀ ತೀರಿಕೊಂಡ ಮೇಲೆ ಅವಳ ಹೊಲಿಗೆ ಪೆಟ್ಟಿಗೆ ನನಗೆ ಬಂತು. ಕತ್ತರಿ, ಬಣ್ಣದ ದಾರ, ಹನ್ನೆರಡು ಸೂಜಿಗಳನ್ನು ಖಾನೆಗಳಲ್ಲಿ ಜೋಡಿಸಿಟ್ಟೆ. ಹೆಣಕ್ಕೆ ಹೊದಿಸುವ ಕಫನ್ ಹೊಲಿಯಲು ಅವಳಿಟ್ಟಿದ್ದ ಬಿಳಿ ದಾರದ ಉಂಡೆಯನ್ನು ಮಾತ್ರ ಅವಳ ಮಗನಿಗೆ ಮರಳಿಸಿದೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಸೂಜಿಗಳಿಗೆಲ್ಲ ದಾರ ಪೋಣಿಸಿತ್ತು. ನನಗೆ ಕಣ್ಣು ಮಂಜು. ದಿನಾ ಪೋಣಿಸಿಕೊಡುತ್ತಿದ್ದವಳು ಜೈನಾಬೀಯೇ.

“ರೇಣುಕಾ, ಸೂಜಿ ನೀ ಪೋಣಿಸಿಟ್ಟಿಯೇನವ್ವಾ?”

“ಇಲ್ರೀ ಅತ್ತಿ, ನಾ ಪೆಟ್ಟಿಗಿ ಮುಟ್ಟೇ ಇಲ್ಲ,” ಎಂದಳು ತುಂಬು ಬಸುರಿ ಸೊಸೆ.

ದಾರದ ತುದಿಗಳು ಎಂಜಲಿನಿಂದ ಇನ್ನೂ ಹಸಿಯಾಗಿದ್ದವು, ಜೈನಾಬೀಯ ಎಲೆಅಡಿಕೆಯ ವಾಸನೆ ಬರುತ್ತಿತ್ತು. ಎಣಿಸಿದರೆ ಹನ್ನೊಂದೇ ಸೂಜಿ.

ಹನ್ನೆರಡನೆಯದು ಹುಟ್ಟಲಿರುವ ಕೂಸಿಗೆಂದು ನಾನು ಹೊಲಿಯುತ್ತಿದ್ದ ಕೌದಿಯಲ್ಲಿತ್ತು. ಆ ಸೂಜಿಯಲ್ಲಿದ್ದದ್ದು ನಾನು ಮರಳಿಸಿದ್ದ ಬಿಳಿ ದಾರ.