ಗುಂಡಿ ಫೋನಿನವನು

"ಹೆದರಬೇಡಿ... ಕೈ ಮೇಲಕ್ಕೆ ಚಾಚಿ!"

ಕತ್ತಲಲ್ಲಿ ತಲೆಯ ಮೇಲಿಂದ ಬಂದ ಆ ದನಿಗೆ ಅವಳ ಎದೆ ಧಸಕ್ಕೆಂದಿತು. ಐದನೇ ಮಹಡಿಯ ಲ್ಯಾಬಿನಲ್ಲಿ ಕಟ್ಟು ಹಲ್ಲು ತಯಾರಿಸುವ ಹುಡುಗಿ ಅವಳು. ಊಟ ಮುಗಿಸಿ ಹೋಗುವಾಗ ಲಿಫ್ಟ್ ನಡುದಾರಿಯಲ್ಲೇ ನಿಂತುಬಿಟ್ಟಿತ್ತು. ಅವಳ ದೊಡ್ಡ ಟಚ್ ಫೋನು ಚಾರ್ಜಿಲ್ಲದೆ ಆಗಲೇ ಕಣ್ಣು ಮುಚ್ಚಿತ್ತು.

ಮೇಲಿನ ಕಿಂಡಿಯಿಂದ ದಾರಕ್ಕೆ ಕಟ್ಟಿದ ಪುಟ್ಟ ಗುಂಡಿ ಫೋನೊಂದು ಇಳಿದು ಬಂತು. ಅದರ ನೆತ್ತಿಯಲ್ಲಿ ಟಾರ್ಚ್ ಉರಿಯುತ್ತಿತ್ತು!

"ಇಯರ್‌ಫೋನ್ ಚುಚ್ಚಿದೆ, ರೇಡಿಯೋ ಬರುತ್ತೆ. ಹಾಡು ಕೇಳ್ತಿರಿ. ಅಷ್ಟರಲ್ಲಿ ನಿಮ್ಮನ್ನ ಇಳಿಸ್ತೀನಿ."

"ಇದರ ಚಾರ್ಜೂ ಮುಗಿದುಹೋದ್ರೆ?"

"ನಮ್ಮಿಬ್ರ ತಾಳ್ಮೆ ಮುಗಿದ್ರೂ ಇದರ ಚಾರ್ಜ್ ಮುಗಿಯಲ್ಲ ಬಿಡಿ!"

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

ಬಾಗಿಲು ತೆರೆದಾಗ ಮೈಕೈಯೆಲ್ಲ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ ಎದುರಿಗಿದ್ದ. ಗಾಬರಿಯಲ್ಲಿ ಅವಳ ಕೈಯಿಂದ ಫೋನು ಜಾರಿ, ಮುಚ್ಚಳ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಹಾರಿತು.

"ಅಯ್ಯೋ! ಒಡೆದುಹಾಕಿದೆ..."

ಅವನು ಬಗ್ಗಿ ಆಯ್ದುಕೊಂಡ. ಬ್ಯಾಟರಿ ಕೂರಿಸಿ, ಮುಚ್ಚಳ ಒತ್ತಿ, ಪ್ಯಾಂಟಿಗೆ ಒರೆಸಿದ. ಫೋನು ಏನೂ ಆಗಿಲ್ಲವೆಂಬಂತೆ ಟಿಣಕ್ ಎಂದು ಎದ್ದಿತು.

ಅವಳು ಬೆರಗಾಗಿ ನೋಡಿದಳು. ಫೋನನ್ನೋ, ಅವನನ್ನೋ... ಅವಳಿಗೇ ತಿಳಿಯಲಿಲ್ಲ.

ಆಮೇಲೆ ಅವನು ಲಿಫ್ಟ್ ಸರ್ವಿಸಿಗೆ ಬಂದಾಗಲೆಲ್ಲ ಮಾತು ಬೆಳೆಯಿತು. ಅಂಕಿಗಳೆಲ್ಲ ಸವೆದು ಮಾಯವಾದ ಗುಂಡಿಗಳ ಮೇಲೆ ಅವನು ಕಣ್ಣು ಹಾಯಿಸದೆಯೇ ಮೆಸೇಜು ಕುಟ್ಟುತ್ತಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಅವಳೂ ಹಾಗೇ ಉತ್ತರಿಸುತ್ತಿದ್ದಳು.

ಒಂದು ದಿನ ಸುದ್ದಿ ಬಂತು. ಅವನನ್ನು ಊರಿನ ಇನ್ನೊಂದು ತುದಿಯ ಕೆಲಸಕ್ಕೆ ಹಾಕಿದ್ದಾರಂತೆ!

ಅವಳ ಕೈಯಲ್ಲಿದ್ದ ಮೇಣದ ಹಲ್ಲು ಸೊಟ್ಟಗಾಯಿತು. 'ಈಗ ಹೇಳದಿದ್ರೆ ಇನ್ಯಾವಾಗ?'

ಇಂಥ ಮಾತಿಗೆ ಕನ್ನಡದ ಅಕ್ಷರವೇ ಬೇಕು ಅನ್ನಿಸಿತು. ಅಳಿಸಿ, ತಿದ್ದಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದು ಕಣ್ಣುಮುಚ್ಚಿ ಕಳಿಸಿಬಿಟ್ಟಳು.

ಉತ್ತರ ಬಂತು.

'ಚಿಕ್ಕ ವಿಷಯ, ತಲೆ ಕೆಡಿಸ್ಕೋಬೇಡಿ. ನಂಗೆ ಬರೋಕಾಗಲ್ಲ. ಬೇರೆಯವರನ್ನ ಕಳಿಸ್ತೀನಿ.'

ಚಿಕ್ಕ ವಿಷಯ? ಬೇರೆಯವರನ್ನ...?!

ಮರುದಿನ ಬೆಳಿಗ್ಗೆ ಮೀಸೆ ನರೆತ ಹಿರಿಯ ಮೆಕ್ಯಾನಿಕ್ ಒಬ್ಬರು ಲ್ಯಾಬಿನ ಬಾಗಿಲು ತಟ್ಟಿದರು.

"ಏನಮ್ಮಾ, ನಿಮ್ಗೇನೋ ತೊಂದ್ರೆಯಂತಲ್ಲ. ಅವನೇ ಕಳಿಸ್ದ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಅವನೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದ.

"ಬೆಳಿಗ್ಗೆ ಬಂದಿದ್ದ ಅಣ್ಣ ಹೇಳಿದ್ರು, ನೀವು ಅಳ್ತಿದ್ರಂತೆ. ಲಿಫ್ಟ್ ಬಾಗಿಲು ಅಷ್ಟೊಂದು ಕಿರುಗುಟ್ತಿದ್ಯಾ?"

"ಲಿಫ್ಟ್ ಬಾಗಿಲಾ?! ನಾನು ಬರೆದದ್ದನ್ನ ಓದಿಯೂ ಹೀಗೆ ಕೇಳ್ತೀರಲ್ಲ... ನಾಚಿಕೆ ಆಗಲ್ವಾ?"

ಅವನು ತಬ್ಬಿಬ್ಬಾಗಿ ಫೋನು ತೆಗೆದು ತೋರಿಸಿದ. ಪುಟ್ಟ ಪರದೆಯ ತುಂಬ ಖಾಲಿ ಚೌಕಗಳು! ಸಾಲು ಸಾಲು ಡಬ್ಬಿಗಳು!

"ಇದಕ್ಕೆ ಕನ್ನಡ ಅಕ್ಷರ ಬರಲ್ಲ ರೀ. ನಿನ್ನೆ ಬೆಳಿಗ್ಗೆ ತಾನೇ ಲಿಫ್ಟ್ ಬಾಗಿಲು ಸದ್ದು ಮಾಡುತ್ತೆ ಅಂದಿದ್ರಲ್ಲ... ಅದೇ ಇರ್ಬೇಕು ಅಂದ್ಕೊಂಡೆ."

ಅವಳಿಗೆ ಅಳುವುದೋ ನಗುವುದೋ ತೋಚಲಿಲ್ಲ.

"ಏನು ಬರೆದಿದ್ರಿ?"

"ಎದುರಿಗೆ ಹೇಳೋಕಾಗಲ್ಲ! ಹೋಗಿ, ಬಾಗಿಲು ಸರಿಮಾಡಿ. ಆಮೇಲೆ ಫೋನ್ ಮಾಡ್ತೀನಿ."

ಸ್ವಲ್ಪ ಹೊತ್ತಿನ ಬಳಿಕ, ಹಲ್ಲಿನ ಅಚ್ಚುಗಳ ಕಪಾಟಿನ ಹಿಂದೆ ಅವಿತು ನಿಂತು ಅವಳು ಕರೆ ಮಾಡಿದಳು.

"ಹಲೋ... ಮಾತಾಡ್ಬೇಡಿ, ಸುಮ್ನೆ ಕೇಳಿ. ನೀವು ಆಚೆ ತುದಿಗೆ ಹೋಗ್ತೀರಿ ಅಂತ ಕೇಳಿದಾಗಿಂದ ನಂಗೆ ಕೈಯೇ ಓಡ್ತಿಲ್ಲ. ನೀವು ಬರೋ ದಿನ ಮಾತ್ರ ನಾನು ಕನ್ನಡಿ ನೋಡ್ಕೋತೀನಿ. ನೀವಂದ್ರೆ ನಂಗೆ ಪ್ರಾಣ!"

ಹೊರಗೆ ಯಾರೋ ಕೇಕೆ ಹಾಕಿದರು. ಚಪ್ಪಾಳೆ! ಅವಳು ಬೆಚ್ಚಿಬಿದ್ದಳು. ಲಿಫ್ಟಿನ ಮೇಲೆ ನಿಂತಿದ್ದವನು ಕೈಯೆಲ್ಲ ಗ್ರೀಸೆಂದು ಫೋನನ್ನು ಕಿವಿಗಿಡದೆ ಲೌಡ್‌ಸ್ಪೀಕರ್ ಗುಂಡಿ ಒತ್ತಿದ್ದ. ಆ ಪುಟ್ಟ ಫೋನಿನ ಗಂಟಲಿಗೆ ಏನು ಶಕ್ತಿಯೋ! ಮಾತು ಒಂದಕ್ಷರವೂ ಬಿಡದೆ ಎಲ್ಲ ಮಹಡಿಗಳಿಗೂ ಮೊಳಗಿತ್ತು.

"ಅಯ್ಯಯ್ಯೋ... ಎಲ್ರಿಗೂ ಕೇಳಿಸ್ತಾ?"

"ಕೇಳಿಸ್ತು." ಅವನೂ ದನಿ ಏರಿಸಿದ. "ಈಗ ನಂದೂ ಕೇಳಿಸ್ಲಿ. ನಂಗೂ ನೀವೇ ಪ್ರಾಣ. ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ."

"ನಾನೀಗ ಹೊರಗೆ ಬಂದು ಎಲ್ರಿಗೂ ಹೇಗೆ ಮುಖ ತೋರಿಸ್ಲಿ?"

"ನಿಮ್ಮ ಲ್ಯಾಬಿನ ಬಾಗಿಲ ಹತ್ರ ಬರ್ತೀನಿ, ಇರಿ. ಇಬ್ರೂ ಒಟ್ಟಿಗೆ ನಾಚ್ಕೊಳ್ಳೋಣ."

"ಬೇಗ ಬನ್ನಿ..."